ಪೊಲೀಸ್ ಗಾಡಿಯ ಹಿಂದಿನ ಸೀಟಿನಲ್ಲಿ ಮೂರು ವಾರ

ಯಾದಗಿರಿ

ಪೊಲೀಸ್ ಗಾಡಿ ಹತ್ತಿ ಊರು ತಿರುಗಿದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಅದನ್ನು ಪ್ರವಾಸ ಎಂದು ಬರೆಯುತ್ತಿರುವವಳು ಬಹುಶಃ ನಾನೊಬ್ಬಳೇ.

ನನ್ನ ಹೆಸರು ಮಹಾದೇವಿ. ಊರು ಶಹಾಪುರ. ಯಾದಗಿರಿಯಲ್ಲಿ ಮಾನಸಿಕ ರೋಗಿಗಳ ವಿಭಾಗದ ನರ್ಸು. ವಾರಕ್ಕೆರಡು ದಿನ ವಾರ್ಡು. ಉಳಿದ ದಿನ ಗುಳಿಗೆಯ ಡಬ್ಬಿ, ರಜಿಸ್ಟರು ಹೊತ್ತುಕೊಂಡು ಶಹಾಪುರ, ಸುರಪುರ, ಹುಣಸಗಿ ಎಂದು ಕ್ಯಾಂಪುಗಳಿಗೆ ಅಲೆದಾಟ. ಇಪ್ಪತ್ತೆರಡು ವರ್ಷ ಹೀಗೇ ಕಳೆದಿವೆ. ಈ ನಡುವೆ ಯಾರೂ ಆದೇಶ ಹೊರಡಿಸದ ಇನ್ನೊಂದು ಕೆಲಸವೂ ಕೊರಳಿಗೆ ಬಿತ್ತು. ಅದು ಪೊಲೀಸರ ಫೋನಿಗೆ ಓಡುವುದು.

ಸುರಪುರ ಕಡೆಯ ಒಂದು ಠಾಣೆಯಲ್ಲಿ ಹಣಮಂತ್ರಾಯರು ಎಂಬ ಎಎಸ್‌ಐ ಇದ್ದಾರೆ. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ದನಿ. ಯಾರಾದರೂ ಸಂತೆಯಲ್ಲಿ ಅಂಗಿ ಹರಿದುಕೊಂಡು ಕೂಗಾಡಿದರೆ, ಯಾರಾದರೂ ಮೊಬೈಲ್ ಟವರ್ ಹತ್ತಿದರೆ, ಅವರ ಫೋನು ನನಗೆ.

"ಸಿಸ್ಟರ್, ಒಂದ್ ಕೇಸ್ ಬಂದದ. ನಿಮ್ದೋ ನಮ್ದೋ ತಿಳಿವಲ್ದು. ಲಗೂನ ಬರ್ರಿ."

ನಾನು ಬಸ್ಸು ಹಿಡಿದು ಮುಟ್ಟುವಷ್ಟರಲ್ಲಿ ಕೇಸು ಅರ್ಧ ಮುಗಿದಿರುತ್ತಿತ್ತು. ಹಗ್ಗ ಬಿಚ್ಚುವುದು, ಸೂಜಿ ಹಾಕುವುದು ಇಷ್ಟೇ ನನ್ನ ಪಾಲಿಗೆ ಉಳಿಯುತ್ತಿತ್ತು.

ಹೀಗಿರುವಾಗ ನಮ್ಮ ಆಸ್ಪತ್ರೆಗೆ ಒಂದು ಪತ್ರ ಬಂತು. ಇಂಗ್ಲೆಂಡಿನ ಉತ್ತರದ ಒಂದು ಊರಿನಲ್ಲಿ ಪೊಲೀಸರೂ ನರ್ಸೂ ಒಂದೇ ಗಾಡಿಯಲ್ಲಿ ಕೂತು ಇಂಥ ಕರೆಗಳಿಗೆ ಹೋಗುತ್ತಾರಂತೆ. ಮೂರು ವಾರ ಜೊತೆಗಿದ್ದು ನೋಡಿಕೊಂಡು ಹೋಗಲು ಒಬ್ಬ ನರ್ಸನ್ನು ಕಳಿಸಿ ಎಂದು ಅವರು ಕೇಳಿದ್ದರು. ಇಂಗ್ಲಿಷ್ ತಡವರಿಸದೆ ಮಾತಾಡುತ್ತಾಳೆ ಎಂದು ಯಾರೋ ನನ್ನ ಹೆಸರು ಕೊಟ್ಟರು.

ಸುದ್ದಿ ಕೇಳಿ ಹಣಮಂತ್ರಾಯರಿಗೆ ಬೇಜಾರಾಯಿತು. "ಅಲ್ರಿ ಸಿಸ್ಟರ್, ಪೊಲೀಸ್ ಜೀಪಿನ್ಯಾಗ ಕುಂಡ್ರಾಕ ಅಷ್ಟ್ ದೂರ ಹೋಗ್ಬೇಕೇನ್ರಿ? ನಮ್ಮ ಜೀಪ್ ಏನ್ ಪಾಪ ಮಾಡ್ಯದ?"

"ನಿಮ್ಮ ಜೀಪಿನ್ಯಾಗ ಯಾವಾಗ ಕುಂಡ್ರಿಸೀರಿ ಸಾಹೇಬ್ರ? ನಾ ಬರೋದು ಬಸ್ಸಿನ್ಯಾಗ" ಅಂದೆ. ಅವರು ಮೀಸೆ ತಿರುವುತ್ತ ಮಾತು ಬದಲಿಸಿದರು.

ವಿಮಾನ ಇಳಿದ ಮೇಲೆ

ವಿಮಾನದ ಬಗ್ಗೆ ಬರೆಯುವುದಿಲ್ಲ. ಕೂತೆ, ಕಾಲು ಬಾತವು, ಇಳಿದೆ.

ಇಳಿದಲ್ಲಿ ಪಾಸ್‌ಪೋರ್ಟು ನೋಡುವ ಅಧಿಕಾರಿ ಕತ್ತೆತ್ತದೆ ಕೇಳಿದ, "ಯಾವ ಕೆಲಸಕ್ಕೆ ಬಂದಿದ್ದೀರಿ?"

ವಾರದಿಂದ ಬಾಯಿಪಾಠ ಮಾಡಿಕೊಂಡಿದ್ದ ಉತ್ತರ ಆ ಹೊತ್ತಿಗೆ ಸರಿಯಾಗಿ ಮರೆತುಹೋಯಿತು. "ಪೊಲೀಸರ ಗಾಡಿಯಲ್ಲಿ ಕೂಡಲು" ಎಂದುಬಿಟ್ಟೆ.

ಆತ ಕತ್ತೆತ್ತಿದ. ನನ್ನ ಇಳಕಲ್ ಸೀರೆ ನೋಡಿದ, ಸೀರೆಯ ಮೇಲಿನ ಸ್ವೆಟರ್ ನೋಡಿದ. "ಸಾಮಾನ್ಯವಾಗಿ ಜನ ಅದನ್ನು ಮೊದಲೇ ಯೋಜನೆ ಹಾಕಿಕೊಂಡು ಬರುವುದಿಲ್ಲ" ಅಂದ. ಪತ್ರ ತೋರಿಸಿದ ಮೇಲೆ ನಕ್ಕು ಮುದ್ರೆ ಒತ್ತಿದ.

ಅಲ್ಲಿಂದ ರೈಲು. ಊರು ಸೇರಿದಾಗ ಸಂಜೆ ಎಂಟು ದಾಟಿತ್ತು, ಬಿಸಿಲು ಮಾತ್ರ ನಮ್ಮ ನಾಲ್ಕು ಗಂಟೆಯದು. ಬಸ್ಸು ಹತ್ತಿದರೆ ಡ್ರೈವರ್ ಟಿಕೆಟ್ ಕೊಡುತ್ತ ನನ್ನನ್ನು "ಲವ್" ಎಂದು ಕರೆದ. ನಾನು ಸೆಟೆದು ನಿಂತೆ. ನಲವತ್ತಾರರ ಹೆಂಗಸು, ಎರಡು ಮಕ್ಕಳ ತಾಯಿ! ಇಳಿಯುವಾಗ ನೋಡಿದರೆ ಆತ ಕೋಲೂರಿಕೊಂಡು ಬಂದ ಮುದುಕಿಯನ್ನೂ ಹಾಗೇ ಕರೆದ, ನಾಯಿ ಹಿಡಿದು ಬಂದ ದಢೂತಿ ಗಂಡಸನ್ನೂ ಹಾಗೇ ಕರೆದ. ನಾವು ಗುರುತು ಪರಿಚಯವಿಲ್ಲದವರಿಗೂ ಯವ್ವಾ, ಯಪ್ಪಾ ಅನ್ನುತ್ತೇವಲ್ಲ, ಇದೂ ಅಂಥದ್ದೇ ಎಂದು ತಿಳಿದ ಮೇಲೆ ಸಮಾಧಾನವಾಯಿತು.

ಆ ಸೀಮೆಯ ಇಂಗ್ಲಿಷ್ ಕೂಡ ಪುಸ್ತಕದ್ದಲ್ಲ. ಅರ್ಧ ಅಕ್ಷರ ನುಂಗುತ್ತಾರೆ, ಹೇಳುವುದನ್ನು ನೆತ್ತಿಗೆ ಬಡಿದಂತೆ ಹೇಳುತ್ತಾರೆ. ದಕ್ಷಿಣದವರು ತಮ್ಮ ಮಾತು ಕೇಳಿ ನಗುತ್ತಾರೆ ಎಂಬ ಸಿಟ್ಟೂ ಅವರಿಗಿದೆ. ಬೆಂಗಳೂರಿನಲ್ಲಿ ಟ್ರೇನಿಂಗಿಗೆ ಹೋದಾಗ ನನಗಾಗುವುದೂ ಅದೇ. ಆದ್ದರಿಂದ ಅವರ ಮಾತನ್ನು ಇಲ್ಲಿ ನಮ್ಮ ಮಾತಿನಲ್ಲೇ ಆಡಿಸುತ್ತೇನೆ. ಅದೇ ಹೆಚ್ಚು ನಿಜ.

ಮೊದಲ ದಿನ

ಗಾಡಿಯಲ್ಲಿ ಇಬ್ಬರು. ನರ್ಸು ಜೋನ್: ಐವತ್ತೆಂಟರ ಗಿಡ್ಡ ಹೆಂಗಸು, ಬೆಳ್ಳಗಿನ ಕ್ರಾಪು, ಕೈಯಲ್ಲಿ ಯಾವಾಗಲೂ ಚಹದ ಫ್ಲಾಸ್ಕು. ಕಾನ್‌ಸ್ಟೇಬಲ್ ಪೀಟರ್: ಬಾಗಿಲಿಗೆ ತಲೆ ಬಗ್ಗಿಸಿಯೇ ಒಳಬರುವಷ್ಟು ಎತ್ತರ. ನಾನು ಹಿಂದಿನ ಸೀಟು. ನೋಡಬಹುದು, ಕೇಳಬಹುದು, ಬಾಯಿ ತೆರೆಯಬಾರದು. ಇದು ನಿಯಮ. ಮನೆಯಲ್ಲಿ ಇದನ್ನು ಹೇಳಿದ್ದರೆ ಅತ್ತೆ ಆ ದೇಶಕ್ಕೆ ಕೈ ಮುಗಿಯುತ್ತಿದ್ದರು.

ಮೊದಲ ಕರೆ ಬಂದದ್ದು ಪೇಟೆಯ ನಡುವಿನಿಂದ. ಒಬ್ಬಾತ ಅಂಗಡಿ ಮುಂದೆ ಕೂತು ಅಳುತ್ತಿದ್ದ. ಪೀಟರ್ ಗಾಡಿ ನಿಲ್ಲಿಸಿದ, ಇಬ್ಬರೂ ಸರಸರ ಇಳಿದು ನಡೆದರು. ನಾನೂ ಇಳಿಯೋಣವೆಂದು ಹಿಡಿಕೆ ಎಳೆದೆ. ಬಾಗಿಲು ತೆರೆಯಲಿಲ್ಲ. ಆ ಬದಿಗೆ ಜಾರಿ ಅದನ್ನೂ ಎಳೆದೆ. ಅದೂ ಇಲ್ಲ. ಹಿಡಿದು ತಂದವರು ಹಾರಿ ಓಡದಿರಲಿ ಎಂದು ಪೊಲೀಸ್ ಗಾಡಿಯ ಹಿಂದಿನ ಬಾಗಿಲು ಒಳಗಿಂದ ತೆರೆಯುವುದೇ ಇಲ್ಲವಂತೆ. ನನಗೆ ಯಾರೂ ಹೇಳಿರಲಿಲ್ಲ.

ಸೀರೆಯುಟ್ಟ ಹೆಂಗಸೊಬ್ಬಳು ಪೊಲೀಸ್ ಗಾಡಿಯೊಳಗೆ ಕಿಟಕಿ ಬಡಿಯುತ್ತಿದ್ದರೆ ಯಾರು ನೋಡುವುದಿಲ್ಲ? ತರಕಾರಿ ಚೀಲದ ಇಬ್ಬರು ಹೆಂಗಸರು ನಿಂತರು, ಪಿಸುಗುಟ್ಟಿದರು. ನಾನು ನಕ್ಕೆ. ನಕ್ಕದ್ದು ಇನ್ನೂ ತಪ್ಪಾಯಿತು, ಅವರು ಹಿಂದೆ ಸರಿದರು. ಕಡೆಗೆ ಒಬ್ಬ ಮುದುಕ ಗಾಜಿಗೆ ಬಾಯಿ ಹತ್ತಿರ ತಂದು, "ಧೈರ್ಯ ಬಿಡಬ್ಯಾಡ ಲವ್, ಎಲ್ಲರಿಗೂ ಇಂಥ ದಿನ ಬರ್ತಾವ" ಎಂದು ಹೇಳಿ ಹೋದ.

ಅರ್ಧ ತಾಸಿನ ಮೇಲೆ ಪೀಟರ್ ಬಂದು ಬಾಗಿಲು ತೆರೆದಾಗ ಆತನ ಕಿವಿ ಕೆಂಪಾಗಿದ್ದವು. "ಮರ್ತೇ ಬಿಟ್ಟೆ" ಅಂದ. ಜೋನ್ ಹೊಟ್ಟೆ ಹಿಡಿದು ನಕ್ಕಳು. ನಾನೂ ನಕ್ಕೆ. ಆದರೆ ಒಳಗೆ ಒಂದಿಷ್ಟು ಬೆವರಿದ್ದೆ ಎಂಬುದೂ ನಿಜ. ಇಪ್ಪತ್ತೆರಡು ವರ್ಷ ರೋಗಿಗಳನ್ನು ಅದೇ ಜಾಗದಲ್ಲಿ ಕೂಡಿಸಿ ಕಳಿಸಿದ್ದೇನೆ. ಅಲ್ಲಿ ಕೂತರೆ ಹೊರಗಿನವರ ಮುಖ ಹೇಗೆ ಕಾಣುತ್ತದೆ ಎಂದು ಅವತ್ತೇ ನೋಡಿದ್ದು.

ಮೊದಲ ವಾರ: ಜೋನ್ ಕತೆ

ಅವರು ಮಧ್ಯಾಹ್ನದ ಊಟ ಗಾಡಿಯಲ್ಲೇ ಮಾಡುತ್ತಾರೆ. ಊಟವೆಂದರೆ ತಣ್ಣಗಿನ ಬ್ರೆಡ್ಡು, ಅದರ ನಡುವೆ ತಣ್ಣಗಿನ ಇನ್ನೇನೋ. ನಾನು ಶೇಂಗಾ ಹಿಂಡಿಯ, ಅಂದರೆ ಖಾರದ ಚಟ್ನಿಪುಡಿಯ, ಡಬ್ಬಿ ತೆಗೆದೆ. ಪೀಟರ್ ಬ್ರೆಡ್ಡಿಗೆ ಉದುರಿಸಿಕೊಂಡು ತಿಂದ, ಕಣ್ಣಲ್ಲಿ ನೀರು ತಂದುಕೊಂಡ, ಮತ್ತೆ ಕೇಳಿ ಹಾಕಿಸಿಕೊಂಡ. ಎರಡನೆಯ ವಾರ ಮುಗಿಯುವುದರೊಳಗೆ ಡಬ್ಬಿ ಖಾಲಿ.

ಇಂಥ ಒಂದು ಊಟದ ಹೊತ್ತಿನಲ್ಲಿ, ಈ ಕೆಲಸಕ್ಕೆ ಹೇಗೆ ಬಂದಿರಿ ಎಂದು ಜೋನಳನ್ನು ಕೇಳಿದೆ.

"ಬಂದಿಲ್ಲ, ಹೊಕ್ಕೀನಿ" ಅಂದಳು.

ಮೊದಲ ಹದಿನೈದು ವರ್ಷ ಆಕೆ ವಾರ್ಡಿನ ನರ್ಸು. ಒಮ್ಮೆ ಆಕೆಯ ರೋಗಿಯೊಬ್ಬ ಮನೆಗೆ ಹೋದವನು ಮತ್ತೆ ತಲೆ ಕೆಟ್ಟು ರೈಲು ಹಳಿಯ ಮೇಲೆ ನಿಂತ. ನಾಲ್ಕು ಜನ ಪೊಲೀಸರು ಹಿಡಿದು ನೆಲಕ್ಕೆ ಕೆಡವಿ ತಂದರು. ಜೀವ ಉಳಿಯಿತು, ಭುಜ ಮುರಿಯಿತು. ಆತ ಆಮೇಲೆ ಯಾರಿಗೂ ಬಾಗಿಲು ತೆರೆಯಲಿಲ್ಲ. ಜೋನ್ ಠಾಣೆಗೆ ಹೋಗಿ, "ಮುಂದಿನ ಸಲ ನನ್ನ ಕರೀರಿ, ಅವನ ಹೆಸರು ಹಿಡಿದು ಕರೆದ್ರ ಬರ್ತಾನ" ಅಂದಳು. ಅವರು ಹೂಂ ಅಂದರು, ಕರೆಯಲಿಲ್ಲ.

"ನಾ ಏನ್ ಮಾಡ್ದೆ ಗೊತ್ತೇನ? ಪ್ರತಿ ಶುಕ್ರವಾರ ಡ್ಯೂಟಿ ಮುಗಿಸಿ ಠಾಣೆಗೆ ಹೋಗಿ ಬೆಂಚಿನ ಮ್ಯಾಲೆ ಕುಂತೆ. ಸ್ವೆಟರ್ ಹೆಣಕೋತ. ಯಾರಾದ್ರೂ ಕೇಳಿದ್ರ, ಕೆಲಸ ಬಂದ್ರ ಅದೀನಿ ಅನ್ನಾಕಿ. ಆರು ಸ್ವೆಟರ್ ಮುಗುದ್ವು. ಏಳನೇದ್ದಕ್ಕ ಕರದ್ರು."

ಪೀಟರ್ ಮುಂದಿನ ಸೀಟಿನಿಂದ, "ನಾ ಆಗ ಹೊಸಬ. ಈ ಮುದುಕಿನ್ನ ಗಾಡ್ಯಾಗ ಕುಂಡ್ರಿಸ್ಕೊಂಡು ತಿರಗಂದ್ರ ಅಳು ಬಂದಿತ್ತು" ಅಂದ.

"ಮುದುಕಿ ಆಗಿರಲಿಲ್ಲ ನಾ ಆಗ" ಎಂದು ಜೋನ್ ಆತನ ತಲೆಗೆ ಕರವಸ್ತ್ರ ಎಸೆದಳು.

ನನ್ನದನ್ನೂ ಹೇಳು ಅಂದರು. ನಾನು ಟೇಲರನ ಕತೆ ಹೇಳಿದೆ. ಒಂದು ಠಾಣೆಯ ಬೆಂಚಿನ ಮೇಲೆ ಬೆಳಗಿನಿಂದ ಸಂಜೆತನಕ ಟವೆಲಿನಿಂದ ಕೈ ಕಟ್ಟಿಸಿಕೊಂಡು ಕೂತಿದ್ದವನು. ಕದ್ದಿರಲಿಲ್ಲ, ಹೊಡೆದಿರಲಿಲ್ಲ, ಯಾರೋ ಕಿವಿಯಲ್ಲಿ ಮಾತಾಡುತ್ತಾರೆ ಎಂದು ರಸ್ತೆಯ ನಡುವೆ ನಿಂತಿದ್ದ ಅಷ್ಟೇ. ನಾನು ಎರಡು ಬಸ್ಸು ಬದಲಿಸಿ ಹೋದೆ, ಗಡಿಬಿಡಿಯಲ್ಲಿ ನೂರೆಂಟು ಮಾತಾಡಿದೆ, ಸೂಜಿ ಹಾಕಿದೆ. ಅವನು ನನ್ನನ್ನೇ ನೋಡಿ, "ನೀವೂ ಪೊಲೀಸರೇನ್ರಿ?" ಅಂದ. ಅವನು ಮುಂದೆ ಯಾವ ಕ್ಯಾಂಪಿಗೂ ಬರಲಿಲ್ಲ. ಮನೆಗೆ ಹೋದರೆ ಹಿತ್ತಲಿಂದ ಹೊರಟುಹೋಗುತ್ತಿದ್ದ.

ಜೋನ್ ಫ್ಲಾಸ್ಕಿನಿಂದ ಚಹ ಬಗ್ಗಿಸಿ ಕೊಟ್ಟಳು.

ಎರಡನೆಯ ವಾರ: ಗುಡ್ಡದ ಮೇಲಿನ ಮನೆ

ಬುಧವಾರ ಮಧ್ಯಾಹ್ನ ಬಂದ ಕರೆಗೆ ಪೀಟರ್ ಗಾಡಿಯನ್ನು ಜೋರಾಗಿ ಓಡಿಸಿದ. ಸೈರನ್ ಮಾತ್ರ ಹಾಕಲಿಲ್ಲ. ಅದೂ ಅವರ ಒಂದು ರೂಢಿ.

ಗುಡ್ಡದ ಏರಿನಲ್ಲಿ ಸಾಲು ಮನೆ. ಹೊರಗೆ ಒಬ್ಬ ಹೆಂಗಸು ಅಳುತ್ತ ನಿಂತಿದ್ದಳು, ಹೆಸರು ಸಮೀನಾ. ಒಳಗೆ ಅವಳ ತಾಯಿ, ಎಪ್ಪತ್ತರ ಹತ್ತಿರದವರು. ಹತ್ತಾರು ವರ್ಷದ ಹಿಂದೆ ಪಾಕಿಸ್ತಾನದಿಂದ ಬಂದವರು. ಗಂಡ ತೀರಿಕೊಂಡು ನಾಲ್ಕು ತಿಂಗಳು. ನಿನ್ನೆಯಿಂದ ಅಡುಗೆಮನೆಗೆ ಚಿಲಕ ಹಾಕಿಕೊಂಡು ಕೂತಿದ್ದಾರೆ, ಕೈಯಲ್ಲಿ ಚಾಕು ಇದೆ, ಬದುಕುವುದು ಸಾಕು ಅನ್ನುತ್ತಿದ್ದಾರೆ. ಇಂಗ್ಲಿಷ್ ಬರುತ್ತಿತ್ತು, ದುಃಖದಲ್ಲಿ ಅದನ್ನೂ ಬಿಟ್ಟುಬಿಟ್ಟಿದ್ದರು. ಮಗಳು ಮಾತಾಡಿಸಿದರೆ ಚೀರುತ್ತಿದ್ದರು. ಆಗಲೇ ಬಂದಿದ್ದ ಇಬ್ಬರು ಪೊಲೀಸರು ಬಾಗಿಲು ಒಡೆಯುವ ಸಲಕರಣೆ ತಂದು ಹಜಾರದಲ್ಲಿಟ್ಟಿದ್ದರು. ಉರ್ದು ಬರುವ ದುಭಾಷಿ ಮುಟ್ಟಲು ಇನ್ನೊಂದು ತಾಸು ಬೇಕಿತ್ತು.

ಜೋನ್ ಅಡುಗೆಮನೆಯ ಬಾಗಿಲ ಬಳಿ ನೆಲದ ಮೇಲೆ ಕೂತು, ನನ್ನ ಕಡೆ ತಿರುಗಿದಳು. "ನಿನಗ ಉರ್ದು ಬರ್ತದೇನ?"

"ನಮ್ಮೂರಿನ ಉರ್ದು ಬರ್ತದ" ಅಂದೆ. ಶಹಾಪುರದಲ್ಲಿ ನಮ್ಮ ಓಣಿಯ ಅರ್ಧ ಮನೆಗಳಲ್ಲಿ ಆಡುವ ದಖನಿ. ಪುಸ್ತಕ ಹಿಡಿದು ಕಲಿತದ್ದಲ್ಲ, ನಲ್ಲಿಯ ಸಾಲಿನಲ್ಲಿ ನಿಂತು ಕಲಿತದ್ದು.

ಪೀಟರ್ ಮೇಲಿನವರಿಗೆ ಫೋನು ಮಾಡಿ ಅನುಮತಿ ಕೇಳಿದ. ಸಿಕ್ಕಿತು. ನಾನು ಜೋನಳ ಪಕ್ಕ ಕೂತು ಬಾಗಿಲಿಗೆ ಮುಖ ಮಾಡಿದೆ.

"ಖಾಲಾ, ದರ್ವಾಜಾ ನಕ್ಕೋ ಖೋಲೋ. ಐಸೇಚ್ ಬೈಠ್ಕೊ ಬಾತಾಂ ಕರಿಂಗೆ" ಅಂದೆ. ಚಿಕ್ಕವ್ವಾ, ಬಾಗಿಲು ತೆಗೆಯಬೇಡ, ಹೀಗೇ ಕೂತು ಮಾತಾಡೋಣ.

ಒಳಗೆ ಅಳು ನಿಂತಿತು. ಆಮೇಲೆ ಒರಟಾದ ದನಿ ಬಂತು, "ಯೇ ಕೌನ್ಸೀ ಉರ್ದೂ ಹೈ?" ಇದು ಯಾವ ಸೀಮೆಯ ಉರ್ದು?

"ಯಾದಗಿರಿಯದು ಖಾಲಾ."

"ಬಾತಾಂ ಅಲ್ಲ, ಬಾತೇಂ."

"ಹೌ ಖಾಲಾ, ಬಾತೇಂ."

"ಹೌ ಅಲ್ಲ. ಹಾಂ. ಜೀ ಹಾಂ."

ಹಿಂದೆ ನಿಂತಿದ್ದ ಸಮೀನಾ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳ ತಾಯಿ ಮದುವೆಗೆ ಮೊದಲು ಶಾಲೆಯಲ್ಲಿ ಉರ್ದು ಟೀಚರ್ ಆಗಿದ್ದರಂತೆ. ನನಗೆ ಅದು ಗೊತ್ತಿರಲಿಲ್ಲ. ನಾನು ಬೇಕೆಂದು ತಪ್ಪು ಮಾಡಲಿಲ್ಲ. ನನಗೆ ಬರುವುದೇ ಅಷ್ಟು. ಗಂಡನ ಹೆಸರು ಕೇಳಿದೆ, ತಿದ್ದಿ ಹೇಳಿದರು. ಊಟ ಮಾಡಿದ್ದೀರಾ ಎಂದು ಕೇಳಿದೆ, ತಿದ್ದಿ ಇಲ್ಲ ಅಂದರು. ನನ್ನ ವ್ಯಾಕರಣಕ್ಕೆ ಒಂದೊಂದೇ ಏಟು ಬೀಳುತ್ತಿದ್ದಂತೆ ದನಿ ಬಾಗಿಲಿಗೆ ಹತ್ತಿರ ಬರುತ್ತಿತ್ತು.

ಆಮೇಲೆ ಒಮ್ಮೆಲೇ ಸುಮ್ಮನಾದರು.

ಆ ಮೌನ ನನ್ನಿಂದ ತಡೆಯಲಾಗಲಿಲ್ಲ. ನಮ್ಮ ಕಡೆ ಯಾರೂ ಇಷ್ಟು ಹೊತ್ತು ಸುಮ್ಮನಿರುವುದಿಲ್ಲ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಜೋನ್ ನನ್ನ ಮೊಣಕಾಲ ಮೇಲೆ ಕೈಯಿಟ್ಟು ಒತ್ತಿದಳು. ತೆರೆದ ಬಾಯಿ ಮುಚ್ಚಿದೆ. ಹಜಾರದಲ್ಲಿ ಗಡಿಯಾರದ ಸದ್ದು. ಪೀಟರ್ ಅಷ್ಟೆತ್ತರದ ಮೈಯನ್ನು ಮಡಚಿ ಮೆಟ್ಟಿಲ ಮೇಲೆ ಕೂತಿದ್ದ. ಹತ್ತು ನಿಮಿಷವೋ ಇಪ್ಪತ್ತೋ, ನನಗೆ ತಿಳಿಯದು. ಸಿಂಕಿನಲ್ಲಿ ಚಾಕು ಬಿದ್ದ ಸದ್ದಾಯಿತು. ಚಿಲಕ ಸರಿಯಿತು.

ಹೊರಬಂದವರು ನನಗಿಂತ ಕುಳ್ಳಗಿದ್ದರು. ಬಿಳಿಯ ದುಪಟ್ಟಾ, ಅತ್ತು ಬಾತ ಕಣ್ಣು. "ಆ ಉರ್ದು ಮಾತಾಡಿದವಳು ಯಾರು?" ಎಂದು ಕೇಳಿದರು. ನಾನು ಕೈ ಎತ್ತಿದೆ, ಶಾಲೆಯ ಹುಡುಗಿಯಂತೆ. ಮೇಲಿಂದ ಕೆಳಗಿನತನಕ ನೋಡಿ, "ಯಾರು ಕಲಿಸಿದರು ನಿನಗೆ, ಅವರನ್ನು ಕೆಲಸದಿಂದ ತೆಗೆಯಬೇಕು" ಅಂದು ಮಗಳ ಹೆಗಲಿಗೆ ತಲೆಯಿಟ್ಟು ಜೋರಾಗಿ ಅತ್ತರು.

ಆಸ್ಪತ್ರೆಗೆ ಹೋಗುವುದು ಒಳ್ಳೆಯದು ಎಂದು ಜೋನ್ ಹೇಳಿದಳು. ಯಾವ ಗಾಡಿಯಲ್ಲಿ ಬರುತ್ತೀರಿ ಎಂದೂ ಕೇಳಿದಳು. ಅವರು ಮಗಳ ಕಾರಿನಲ್ಲಿ ಹೋದರು, ಪಕ್ಕದಲ್ಲಿ ಜೋನ್. ಬಾಗಿಲು ಒಡೆಯುವ ಸಲಕರಣೆಯನ್ನು ಪೊಲೀಸರು ಹಾಗೇ ಎತ್ತಿ ಗಾಡಿಗೆ ಹಾಕಿದರು.

ಊರಿಗೆ ಹೊರಡುವ ಮುನ್ನಾದಿನ ಸಮೀನಾಳ ತಾಯಿಯನ್ನು ನೋಡಲು ಹೋಗಿದ್ದೆ. ಮನೆಗೆ ಮರಳಿದ್ದರು, ಚಿಕಿತ್ಸೆ ಶುರುವಾಗಿತ್ತು. "ನಾಲ್ಕು ತಿಂಗಳಿಂದ ಎಲ್ಲರೂ ನನಗೆ ಕಲಿಸಲು ಬರುತ್ತಿದ್ದರು, ಹೇಗೆ ಇರಬೇಕು, ಹೇಗೆ ಮರೆಯಬೇಕು ಅಂತ. ಕಲಿಯಬೇಕಾದವಳು ನೀನೊಬ್ಬಳೇ ಬಂದೆ" ಅಂದರು. ಚಹ ಕುಡಿಯುವಷ್ಟರಲ್ಲಿ ನನ್ನನ್ನು ಇನ್ನೂ ಮೂರು ಸಲ ತಿದ್ದಿದರು.

ಸುರಪುರ, ವಾಪಸ್ಸು ಬಂದ ಮೇಲೆ

ಬಂದು ವರದಿ ಬರೆದುಕೊಟ್ಟೆ. ವರದಿ ಎಲ್ಲೋ ಕೂತಿದೆ. ನಾನು ಹಣಮಂತ್ರಾಯರ ಹತ್ತಿರ ಹೋಗಿ, "ಆದೇಶ ಬರೋತನಕಾ ಕಾಯಬ್ಯಾಡ್ರಿ. ನಾ ಸುರಪುರ ಕ್ಯಾಂಪಿನ್ಯಾಗ ಇರೋ ದಿನ ಕೇಸ್ ಬಂದ್ರ, ಹೋಗೋಕಿಂತ ಮೊದಲ ನನ್ನ ಹತ್ತಿಸ್ಕೊಂಡು ಹೋಗ್ರಿ" ಅಂದೆ. ಅವರು ತಮ್ಮ ಇನ್ಸ್‌ಪೆಕ್ಟರನ್ನು ಕೇಳಿದರು. "ಮಾಡಿ ನೋಡ್ರಿ" ಎಂದರಂತೆ.

ತಿಂಗಳು ಕಳೆಯುವುದರೊಳಗೆ ಮಧ್ಯಾಹ್ನದ ಹೊತ್ತು ಜೀಪು ಕ್ಯಾಂಪಿನ ಮುಂದೆ ನಿಂತಿತು. ಹುಣಸಗಿ ರಸ್ತೆಯ ಒಂದು ಹಳ್ಳಿಯಲ್ಲಿ ರೇಣುಕಾ ಎಂಬ ಬಾಣಂತಿ ಕಾಲುವೆಯ ದಂಡೆಯಲ್ಲಿ ಕೂತಿದ್ದಾಳೆ. ಹತ್ತಿರ ಹೋದರೆ ಹಾರುತ್ತೇನೆ ಅನ್ನುತ್ತಾಳೆ. ಹೆರಿಗೆಯಾಗಿ ಮೂರು ವಾರ. ನಿದ್ದೆಯಿಲ್ಲ. ಇದು ನನ್ನ ಕೂಸಲ್ಲ, ಬದಲಿಸಿದ್ದಾರೆ ಎಂದು ಹಟ. ಬಾಣಂತಿಯರಿಗೆ ಹೀಗಾಗುವುದುಂಟು, ಬೇಗ ಔಷಧಿ ಬಿದ್ದರೆ ಪೂರ್ತಿ ಗುಣವಾಗುತ್ತದೆ. ಕಾಲುವೆಯ ದಂಡೆ ಬಿಟ್ಟು ಎದ್ದು ಬಂದರೆ ತಾನೇ?

ದಂಡೆಯ ಮೇಲೆ ಜಾತ್ರೆಯಷ್ಟು ಜನ, ಎತ್ತಿ ಹಿಡಿದ ಮೊಬೈಲುಗಳು. ಹಗ್ಗವೂ ಬಂದಿತ್ತು. ಹಣಮಂತ್ರಾಯರು ಟೋಪಿ ತೆಗೆದು ಜೀಪಿನಲ್ಲಿಟ್ಟು, ಖಾಕಿ ಕಾಣದಂತೆ ಅಂಗಿಯ ಮೇಲೆ ಯಾರದೋ ಟವೆಲ್ ಹೊದ್ದುಕೊಂಡರು. ಜನರನ್ನು ಹಿಂದೆ ಸರಿಸಿದ ರೀತಿ ಮಾತ್ರ ಹಳೆಯದೇ: "ಮನ್ಯಾಗ ಬ್ಯಾರೆ ಕೆಲಸ ಇಲ್ಲೇನ್ರೋ? ನಡೀರಿ!"

ನಾನು ರೇಣುಕಾಳಿಂದ ಎರಡು ಮಾರು ದೂರ ಕೂತೆ. "ನಾ ನರ್ಸ್ ಅದೀನವ್ವಾ. ಇಲ್ಲೇ ಕುಂಡ್ರತೀನಿ" ಅಂದೆ. ಅಷ್ಟೇ. ಬಿಸಿಲು ನೆತ್ತಿ ಸುಡುತ್ತಿತ್ತು. ಹಣಮಂತ್ರಾಯರೂ ಬಂದು ಇನ್ನಷ್ಟು ಹಿಂದೆ ಕೂತರು. ಮಾತಿಲ್ಲದೆ ಒಂದು ನಿಮಿಷ ಇರಲಾಗದ ಮನುಷ್ಯ, ಹುಲ್ಲು ಕೀಳುತ್ತ ಕೂತರು.

ಬಹಳ ಹೊತ್ತಿನ ಮೇಲೆ ಅವಳು ನೀರನ್ನೇ ನೋಡುತ್ತ ಹೇಳಿದಳು, "ನನಗ ನಿದ್ದಿ ಬೇಕ್ರಿ."

"ಕೊಡ್ತೀನವ್ವಾ."

"ಕಟ್ಟತೀರೇನ್ರಿ?"

"ಯಾರೂ ಕಟ್ಟಂಗಿಲ್ಲ. ನಿಮ್ಮವ್ವನೂ ಬರ್ತಾಳ, ಕೂಸೂ ಬರ್ತದ."

ಕೈ ಚಾಚಿದೆ. ಹಿಡಿಯಲಿಲ್ಲ, ಆದರೆ ಎದ್ದು, ನನ್ನ ಮುಂದೆ ತಾನೇ ನಡೆದು ಜೀಪು ಹತ್ತಿದಳು. ಆಕೆಯ ತಾಯಿ ಕೂಸನ್ನು ಎತ್ತಿಕೊಂಡು ಪಕ್ಕ ಕೂತಳು. ಯಾದಗಿರಿಯ ವಾರ್ಡಿಗೆ ಸೇರಿಸಿದ ಮೂರನೆಯ ದಿನ ಅವಳು ಕಣ್ಣು ತುಂಬ ನಿದ್ದೆ ಮಾಡಿದಳು. ಎರಡು ವಾರಕ್ಕೆ ಕೂಸನ್ನು ತಾನೇ ಕೇಳಿ ಎತ್ತಿಕೊಂಡು, ಹಾಲು ಕೊಡುತ್ತ, "ಮೂಗು ನಮ್ಮಪ್ಪಂದೇ ಅದ" ಅಂದಳು.

ಅವಳನ್ನು ವಾರ್ಡಿಗೆ ಸೇರಿಸಿದ ದಿನ ಅದೇ ಜೀಪಿನಲ್ಲಿ ನಾವು ಹಿಂದಿರುಗಿದ್ದೆವು. ಶಹಾಪುರ ಹತ್ತಿರ ಬಂದಾಗ ಹಣಮಂತ್ರಾಯರು ಹೇಳಿದರು, "ಸಿಸ್ಟರ್, ನಾ ಹುಟ್ಟಿದಾಗ ನಮ್ಮವ್ವಗೂ ಹಿಂಗ ಆಗಿತ್ತಂತ್ರಿ. ದನದ ಕೊಟ್ಟಿಗ್ಯಾಗ ಕಂಬಕ್ಕ ಕಟ್ಟಿದ್ರಂತ. ಮೂರ್ ತಿಂಗಳು ನನ್ನ ಆಕಿ ಕೈಯಾಗ ಕೊಡ್ಲಿಲ್ಲಂತ. ಯಾರಿಗೂ ಹೇಳಿಲ್ರಿ ಇದನ್ನ."

ಮನೆಯ ಮುಂದೆ ನನ್ನನ್ನು ಇಳಿಸಿ ಹೋದರು.

ರೇಣುಕಾ ಮನೆಗೆ ಹೋದ ಮರುವಾರ ಸುರಪುರ ಕ್ಯಾಂಪಿಗೆ ಅವರು ಬಿಳಿ ಅಂಗಿ ಹಾಕಿಕೊಂಡು ಬಂದರು. ಜೊತೆಯಲ್ಲಿ ಬೆನ್ನು ಬಾಗಿದ ಮುದುಕಿ. "ಅವ್ವ ಬಂದಾಳ್ರಿ. ಏನೋ ಕೇಳ್ಬೇಕಂತ" ಎಂದು ಕುರ್ಚಿ ಎಳೆದುಕೊಟ್ಟು ಹೊರಗೆ ಹೋಗಿ ನಿಂತರು.

ಮುದುಕಿ ನನ್ನ ಮುಖವನ್ನೇ ನೋಡಿದಳು. "ಆ ಬಾಣಂತಿನ್ನ ಕಟ್ಟಲಿಲ್ಲಂತಲ್ಲ, ಖರೇನ ಏನ್ ಯವ್ವಾ?"

"ಖರೇ ಅದ ಅವ್ವಾ. ಕಟ್ಟಲಿಲ್ಲ."

"ಕೂಸಿನ್ನ ಆಕಿ ಕೈಯಾಗ ಕೊಟ್ರೇನ?"

"ಕೊಟ್ಟೀವಿ."

"ಆಕಿ ಏನೂ ಮಾಡ್ಲಿಲ್ಲಲ್ಲ ಕೂಸಿಗಿ?"

"ಏನೂ ಮಾಡ್ಲಿಲ್ಲವ್ವಾ. ಎದಿಗೆ ಹಚಗೊಂಡು ಹಾಲು ಕೊಟ್ಟಳು."

ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನಾನೂ ಏನೂ ಮಾಡ್ತಿರಲಿಲ್ಲ" ಅಂದಳು.

ಆಮೇಲೆ ಗೋಡೆ ಹಿಡಿದು ಎದ್ದು, ಬಾಗಿಲಾಚೆ ನಿಂತಿದ್ದ ಮಗನನ್ನು ಹೆಸರು ಹಿಡಿದು ಕರೆದಳು.